ವರ್ಣತಂತುವಿನ ನಕಲು: ಒಂದೇ ಬಾರಿ, ಒಂದೂ ಬಿಡದಂತೆ

ಮನುಷ್ಯದೇಹದ ಒಂದು ಜೀವಕೋಶ ಎರಡಾಗುವ ಮೊದಲು ತನ್ನೊಳಗಿನ ಡಿಎನ್‌ಎಯನ್ನು ಪೂರ್ತಿಯಾಗಿ ನಕಲು ಮಾಡಿಕೊಳ್ಳುತ್ತದೆ ಎಂಬುದು ಪ್ರೌಢಶಾಲೆಯ ಪಾಠಪುಸ್ತಕದಲ್ಲಿಯೇ ಬರುವ ಸಂಗತಿ. ಆದರೆ ನಕಲು ತೆಗೆಯುವುದು ಒಟ್ಟು ಕೆಲಸದ ಅರ್ಧ ಮಾತ್ರ. ನಕಲಾದ ಎರಡು ಪ್ರತಿಗಳು ಒಂದರೊಳಗೊಂದು ಸಿಕ್ಕಿಕೊಳ್ಳದಂತೆ ಅವನ್ನು ಮಡಿಸಿಡುವುದು, ಯಾವುದು ಯಾವುದರ ಜೋಡಿ ಎಂಬ ಗುರುತು ತಪ್ಪದಂತೆ ಕಟ್ಟಿಡುವುದು, ಬಿಡಿಸಬೇಕಾದ ಗಳಿಗೆ ಬಂದಾಗ ಆ ಕಟ್ಟನ್ನು ಒಮ್ಮೆಗೇ ಕತ್ತರಿಸಿ ಎರಡು ಮರಿಕೋಶಗಳಿಗೆ ಸರಿಸಮನಾಗಿ ಹಂಚುವುದು ಉಳಿದರ್ಧ. ಗರ್ಭಪಾತ, ಡೌನ್ ಸಿಂಡ್ರೋಮ್, ಕ್ಯಾನ್ಸರ್, ವಿಕಿರಣದ ಹಾನಿ ಇವೆಲ್ಲವುಗಳ ಹಿಂದೆ ವಿಜ್ಞಾನ ಕಂಡುಕೊಂಡ ಕಾರಣಗಳಲ್ಲಿ ಬಹಳಷ್ಟು ಈ ಎರಡನೆಯ ಅರ್ಧಕ್ಕೆ ಸೇರಿದವು. ದೇರಳಕಟ್ಟೆ, ಕಂಕನಾಡಿಗಳಂಥ ಕಡೆ ಹಲವು ವೈದ್ಯಕೀಯ ಕಾಲೇಜುಗಳಿರುವ, ನದಿಯಾಚೆಯ ಉಳ್ಳಾಲದ ಮರಳಿನಲ್ಲಿ ಸಹಜ ವಿಕಿರಣವನ್ನು ಇಟ್ಟುಕೊಂಡಿರುವ, ಕೊಣಾಜೆಯ ಗುಡ್ಡದ ಮೇಲೆ ಎಲೆಕ್ಟ್ರಾನ್ ವೇಗವರ್ಧಕವೊಂದನ್ನು ನಡೆಸುತ್ತಿರುವ ಮಂಗಳೂರಿನ ಮಟ್ಟಿಗೆ ಈ ವಿಷಯ ಪುಸ್ತಕದ ವಿಷಯ ಮಾತ್ರವಾಗಿ ಉಳಿದಿಲ್ಲ.

ಮೊದಲು ಅಳತೆಯನ್ನು ಗಮನಿಸಬೇಕು. ಜೀವಕೋಶದ ನಡುವಿನ ಕೋಶಕೇಂದ್ರದ ವ್ಯಾಸ ಸುಮಾರು ಆರು ಮೈಕ್ರಾನ್, ಎಂದರೆ ಒಂದು ಮಿಲಿಮೀಟರಿನ ಸಾವಿರ ಪಾಲಿನಲ್ಲಿ ಆರು ಪಾಲು. ಅದರೊಳಗಿರುವ ಡಿಎನ್‌ಎಯನ್ನೆಲ್ಲ ಬಿಡಿಸಿ ಉದ್ದಕ್ಕೆ ಹಿಡಿದರೆ ಸುಮಾರು ಎರಡು ಮೀಟರ್ ಆಗುತ್ತದೆ. ಈ ಉದ್ದ ಒಂದೇ ದಾರವಲ್ಲ. ಅದು 46 ತುಂಡುಗಳಾಗಿ ಹಂಚಿಕೊಂಡಿದ್ದು, ಪ್ರತಿಯೊಂದು ತುಂಡೂ ಪ್ರೋಟೀನುಗಳೊಡನೆ ಕೂಡಿ ಒಂದು ವರ್ಣತಂತು ಎನಿಸಿಕೊಳ್ಳುತ್ತದೆ. ಅವುಗಳಲ್ಲಿ 23 ತಾಯಿಯಿಂದ ಬಂದವು, 23 ತಂದೆಯಿಂದ ಬಂದವು. ಡಿಎನ್‌ಎ ಎಂಬುದು ಒಂದರ ಸುತ್ತ ಒಂದು ಹೊಸೆದುಕೊಂಡ ಎರಡು ಎಳೆಗಳ ಅಣು. ಎರಡೂ ಎಳೆಗಳ ಉದ್ದಕ್ಕೂ ಎ, ಟಿ, ಜಿ, ಸಿ ಎಂಬ ನಾಲ್ಕು ಪ್ರತ್ಯಾಮ್ಲಗಳು ಸಾಲಾಗಿ ನಿಂತಿದ್ದು, ಎ ಎದುರು ಟಿಯೂ ಜಿ ಎದುರು ಸಿಯೂ ಜೋಡಿಯಾಗುತ್ತವೆ. ಒಂದು ಕೋಶದಲ್ಲಿ ಇಂಥ ಜೋಡಿಗಳು 600 ಕೋಟಿಗೂ ಮಿಕ್ಕಿವೆ.

ಇಷ್ಟು ಉದ್ದದ ಎಳೆ ಅಷ್ಟು ಸಣ್ಣ ಜಾಗದಲ್ಲಿ ಗೋಜಲಾಗದೆ ಉಳಿಯಲು ಕಾರಣ ಅದರ ಮಡಿಕೆಯ ಕ್ರಮ. ಹಿಸ್ಟೋನ್ ಎಂಬ ಪ್ರೋಟೀನಿನ ಎಂಟು ಅಣುಗಳು ಸೇರಿ ಒಂದು ಗುಂಡಿಯಂತಾಗಿ, ಅದರ ಸುತ್ತ ಡಿಎನ್‌ಎಯ 147 ಜೋಡಿಗಳಷ್ಟು ಉದ್ದ ಎರಡು ಸುತ್ತಿಗೆ ತುಸು ಕಡಿಮೆಯಾಗುವಷ್ಟು ಸುತ್ತಿಕೊಳ್ಳುತ್ತದೆ; ಈ ಘಟಕಕ್ಕೆ ನ್ಯೂಕ್ಲಿಯೋಸೋಮ್ ಎಂದು ಹೆಸರು. ಇಂಥ ಲಕ್ಷಾಂತರ ಘಟಕಗಳ ಸಾಲು ಮತ್ತೆ ಕುಣಿಕೆ ಕುಣಿಕೆಯಾಗಿ ಎಳೆಯಲ್ಪಡುತ್ತದೆ. ಮಂಗಳೂರಿನ ಹಳೆ ಬಂದರಿನ ಧಕ್ಕೆಯಲ್ಲಿ ಪರ್ಸೀನ್ ಬೋಟಿನವರು ಬಹು ಉದ್ದದ ಬಲೆಯನ್ನು ಮಡಿಕೆಯ ಮೇಲೆ ಮಡಿಕೆಯಾಗಿ ಪೇರಿಸಿಡುವಾಗ, ಕಡಲಿಗೆ ಇಳಿಸುವ ಹೊತ್ತಿನಲ್ಲಿ ಎಲ್ಲಿಯೂ ತೊಡಕದೆ ಹರಿದುಹೋಗಬೇಕೆಂಬ ಒಂದೇ ಲೆಕ್ಕದಲ್ಲಿ ಪೇರಿಸುತ್ತಾರೆ. ಕೋಶವೂ ಡಿಎನ್‌ಎಯನ್ನು ಇಡುವುದು ಬಿಡಿಸುವ ಹೊತ್ತನ್ನು ಮುಂದಿಟ್ಟುಕೊಂಡೇ. ಈ ಕುಣಿಕೆಗಳನ್ನು ಎಳೆಯುವುದು ಕೊಹೆಸಿನ್ ಮತ್ತು ಕಂಡೆನ್ಸಿನ್ ಎಂಬ ಉಂಗುರದ ಆಕಾರದ ಪ್ರೋಟೀನು ಸಮೂಹಗಳು. ಡಿಎನ್‌ಎ ಎಳೆ ಅವುಗಳ ಮೂಲಕ ಹಾಯುತ್ತಾ ಕುಣಿಕೆ ದೊಡ್ಡದಾಗುತ್ತಾ ಹೋಗುತ್ತದೆ ಎಂಬುದು ಬಹುಕಾಲ ಊಹೆಯಾಗಿಯೇ ಇದ್ದು, 2018ರಲ್ಲಿ ಸೂಕ್ಷ್ಮದರ್ಶಕದ ಕೆಳಗೆ ಒಂಟಿ ಡಿಎನ್‌ಎ ಅಣುವಿನ ಮೇಲೆ ಕಂಡೆನ್ಸಿನ್ ಕೆಲಸ ಮಾಡುವುದನ್ನು ನೇರವಾಗಿ ನೋಡಿದಾಗ ಸಿದ್ಧವಾಯಿತು. ಮರುವರ್ಷ ಕೊಹೆಸಿನ್ ಕೂಡ ಹಾಗೆಯೇ ಮಾಡುತ್ತದೆಂದು ಕಂಡುಬಂತು.

ಇನ್ನು ನಕಲಿನ ಕೆಲಸ. ಎರಡು ಎಳೆಗಳು ಬೇರ್ಪಟ್ಟು ಪ್ರತಿಯೊಂದೂ ತನ್ನೆದುರಿಗೆ ಹೊಸ ಎಳೆಯೊಂದನ್ನು ಕಟ್ಟಿಕೊಳ್ಳುತ್ತದೆ ಎಂದು ವ್ಯಾಟ್ಸನ್ ಮತ್ತು ಕ್ರಿಕ್ 1953ರಲ್ಲಿ ಊಹಿಸಿದ್ದನ್ನು ಮೆಸೆಲ್ಸನ್ ಮತ್ತು ಸ್ಟಾಲ್ 1958ರಲ್ಲಿ ಭಾರದ ಸಾರಜನಕ ಬಳಸಿ ಪ್ರಯೋಗದಿಂದ ತೋರಿಸಿಕೊಟ್ಟರು. ಹಾಗಾಗಿ ನಕಲಾದ ಪ್ರತಿಯೊಂದು ಡಿಎನ್‌ಎಯಲ್ಲಿಯೂ ಒಂದು ಎಳೆ ಹಳೆಯದು, ಒಂದು ಹೊಸದು. ಹೊಸ ಎಳೆಯನ್ನು ಕಟ್ಟುವ ಕಿಣ್ವಕ್ಕೆ ಡಿಎನ್‌ಎ ಪಾಲಿಮರೇಸ್ ಎಂದು ಹೆಸರು. ಅದಕ್ಕೆ ಎರಡು ಮಿತಿಗಳಿವೆ: ಶೂನ್ಯದಿಂದ ಅದು ಎಳೆಯನ್ನು ಆರಂಭಿಸಲಾರದು, ಮತ್ತು ಒಂದೇ ದಿಕ್ಕಿನಲ್ಲಿ ಮಾತ್ರ ಕಟ್ಟಬಲ್ಲದು. ಡಿಎನ್‌ಎಯ ಎರಡು ಎಳೆಗಳೋ ಪರಸ್ಪರ ವಿರುದ್ಧ ದಿಕ್ಕಿಗೆ ಮುಖಮಾಡಿವೆ. ಆದ್ದರಿಂದ ಎಳೆಗಳು ಬಿಡಿಸಿಕೊಳ್ಳುತ್ತಿರುವ ಕವಲಿನಲ್ಲಿ ಒಂದು ಹೊಸ ಎಳೆ ಎಡೆಬಿಡದೆ ಬೆಳೆಯುತ್ತಿದ್ದರೆ, ಇನ್ನೊಂದು ಹಿಮ್ಮುಖವಾಗಿ ತುಂಡು ತುಂಡಾಗಿ ಬೆಳೆದು, ಆ ತುಂಡುಗಳು ಆಮೇಲೆ ಬೆಸೆದುಕೊಳ್ಳುತ್ತವೆ. 1960ರ ದಶಕದಲ್ಲಿ ಜಪಾನಿನ ರೇಯ್ಜಿ ಮತ್ತು ತ್ಸುನೆಕೊ ಒಕಝಾಕಿ ದಂಪತಿ ಕಂಡುಹಿಡಿದ ಈ ತುಂಡುಗಳು ಅವರ ಹೆಸರಿನಿಂದಲೇ ಕರೆಯಲ್ಪಡುತ್ತವೆ. ಮನುಷ್ಯ ಕೋಶದಲ್ಲಿ ಒಂದೊಂದು ತುಂಡು ನೂರಿನ್ನೂರು ಅಕ್ಷರಗಳಷ್ಟು ಮಾತ್ರ ಉದ್ದ. ಎಳೆಗಳು ಬಿಚ್ಚುತ್ತಾ ಹೋದಂತೆ ಮುಂದಿನ ಭಾಗ ಬಿಗಿಯಾಗಿ ಹೊಸೆದುಕೊಳ್ಳುವುದನ್ನು ಸಡಿಲಿಸಲು ಟೋಪೋಐಸೊಮರೇಸ್ ಎಂಬ ಕಿಣ್ವಗಳು ಎಳೆಯನ್ನು ಒಂದು ಕ್ಷಣ ಕತ್ತರಿಸಿ, ತಿರುಗಲು ಬಿಟ್ಟು, ಮತ್ತೆ ಅಂಟಿಸುತ್ತವೆ.

ಮನುಷ್ಯ ಕೋಶದಲ್ಲಿ ಈ ಕವಲು ನಿಮಿಷಕ್ಕೆ ಒಂದೆರಡು ಸಾವಿರ ಜೋಡಿಗಳಷ್ಟು ಮುಂದೆ ಸಾಗುತ್ತದೆ. ಅತಿ ದೊಡ್ಡದಾದ ಒಂದನೆಯ ವರ್ಣತಂತುವಿನಲ್ಲಿ ಸುಮಾರು 25 ಕೋಟಿ ಜೋಡಿಗಳಿರುವುದರಿಂದ, ನಡುವಿನ ಒಂದೇ ಜಾಗದಿಂದ ಎರಡೂ ಕಡೆಗೆ ನಕಲು ಸಾಗಿದರೆ ಅದೊಂದಕ್ಕೇ ಒಂದು ತಿಂಗಳಿಗೂ ಹೆಚ್ಚು ಕಾಲ ಬೇಕಾದೀತು. ಕೋಶ ಆ ಕೆಲಸವನ್ನು ಸುಮಾರು ಎಂಟು ಗಂಟೆಗಳಲ್ಲಿ ಮುಗಿಸುತ್ತದೆ, ಏಕೆಂದರೆ ನಕಲು ಆರಂಭವಾಗುವ ಜಾಗಗಳು ಒಂದಲ್ಲ, ಎಲ್ಲ ವರ್ಣತಂತುಗಳಲ್ಲಿ ಸೇರಿ 30,000ದಿಂದ 50,000. ಒಂದೇ ಆರಂಭದ ಜಾಗವಿರುವ, 46 ಲಕ್ಷ ಜೋಡಿಗಳಷ್ಟೇ ಇರುವ ಇ. ಕೋಲಿ ಬ್ಯಾಕ್ಟೀರಿಯಾಕ್ಕೆ ಇಂಥ ಏರ್ಪಾಡಿನ ಅಗತ್ಯವಿಲ್ಲ. ಅದು ಸೆಕೆಂಡಿಗೆ ಸುಮಾರು ಸಾವಿರ ಅಕ್ಷರಗಳ ವೇಗದಲ್ಲಿ 40 ನಿಮಿಷಗಳಲ್ಲಿ ನಕಲು ಮುಗಿಸುತ್ತದೆ.

ಆರಂಭದ ಜಾಗಗಳು ಹೆಚ್ಚಾದೊಡನೆ ಸಮಯ ಉಳಿಯಿತು, ಆದರೆ ಅದರೊಡನೆ ಇನ್ನೊಂದು ತೊಡಕು ಹುಟ್ಟಿತು. ಹತ್ತಾರು ಸಾವಿರ ಕಡೆ ಕೆಲಸ ಒಮ್ಮೆಲೇ ನಡೆಯುವಾಗ ಒಂದು ಭಾಗ ಎರಡು ಸಲ ನಕಲಾಗದಂತೆ, ಇನ್ನೊಂದು ಭಾಗ ಬಿಟ್ಟುಹೋಗದಂತೆ ನೋಡಿಕೊಳ್ಳುವವರು ಯಾರು? ಜೀವವಿಜ್ಞಾನ ಕಂಡ ಅತ್ಯಂತ ಸೊಗಸಾದ ಏರ್ಪಾಡುಗಳಲ್ಲಿ ಒಂದು ಇಲ್ಲಿದೆ. ಕೋಶ ತನ್ನ ಕಾಲವನ್ನು ಎರಡು ಬೇರೆ ಬೇರೆ ಅವಧಿಗಳಾಗಿ ಒಡೆದು, ಮೊದಲನೆಯ ಅವಧಿಯಲ್ಲಿ ಪರವಾನಗಿ ಮಾತ್ರ ಕೊಡುತ್ತದೆ, ಎರಡನೆಯದರಲ್ಲಿ ಕೆಲಸ ಮಾತ್ರ ಮಾಡುತ್ತದೆ. ಮೊದಲ ಅವಧಿಯಲ್ಲಿ ಆರಂಭದ ಜಾಗಗಳ ಮೇಲೆ ಎಂಸಿಎಂ ಎಂಬ, ಮುಂದೆ ಎಳೆಗಳನ್ನು ಬಿಡಿಸಲಿರುವ ಯಂತ್ರ ಎರಡೆರಡಾಗಿ ಬಂದು ಕೂರುತ್ತದೆ, ಆದರೆ ಅಲುಗಾಡುವುದಿಲ್ಲ. ಕೆಲವು ಕಿಣ್ವಗಳ ಪ್ರಮಾಣ ಏರಿದೊಡನೆ ಎರಡನೆಯ ಅವಧಿ ತೊಡಗುತ್ತದೆ. ಕುಳಿತಿದ್ದ ಯಂತ್ರಗಳನ್ನು ಎಬ್ಬಿಸುವುದೂ ಅವೇ ಕಿಣ್ವಗಳು, ಹೊಸ ಯಂತ್ರ ಕೂರದಂತೆ ತಡೆಯುವುದೂ ಅವೇ. ಹೊಸದಾಗಿ ಕೂರಿಸಲು ನೆರವಾಗುವ ಪ್ರೋಟೀನನ್ನು ಕೋಶ ನಾಶಮಾಡುತ್ತದೆ, ಉಳಿದದ್ದನ್ನು ಜೆಮಿನಿನ್ ಎಂಬ ಇನ್ನೊಂದು ಪ್ರೋಟೀನು ಹಿಡಿದು ನಿಲ್ಲಿಸುತ್ತದೆ. ಹೀಗೆ ಒಂದು ಜಾಗದಲ್ಲಿ ನಕಲು ಒಮ್ಮೆ ತೊಡಗಿದ ಮೇಲೆ ಕೋಶ ಪೂರ್ತಿ ಎರಡಾಗುವ ತನಕ ಅಲ್ಲಿ ಮತ್ತೆ ತೊಡಗುವ ದಾರಿಯೇ ಇರುವುದಿಲ್ಲ. ಪರವಾನಗಿ ಪಡೆದ ಜಾಗಗಳೆಲ್ಲ ಬಳಕೆಯಾಗುವುದೂ ಇಲ್ಲ. ಹೆಚ್ಚಿನವು ಕಾದು ಕುಳಿತಿರುತ್ತವೆ, ಪಕ್ಕದ ಕವಲು ಎಲ್ಲಾದರೂ ಕೆಟ್ಟು ನಿಂತರೆ ಆಗ ಮಾತ್ರ ಎದ್ದು ಆ ಭಾಗವನ್ನು ಪೂರೈಸುತ್ತವೆ. ಈ ಪರವಾನಗಿಯ ಕಟ್ಟು ಸಡಿಲಾದ ಕೋಶಗಳಲ್ಲಿ ವರ್ಣತಂತುವಿನ ಕೆಲವು ಭಾಗಗಳು ಮತ್ತೆ ಮತ್ತೆ ನಕಲಾಗಿ ಡಿಎನ್‌ಎ ಮುರಿಯತೊಡಗುತ್ತದೆ.

ಅಕ್ಷರದೋಷಗಳ ವಿಷಯದಲ್ಲಿ ಕೋಶ ಕಡಿಮೆ ಎಚ್ಚರ ವಹಿಸುವುದಿಲ್ಲ. ಪಾಲಿಮರೇಸ್ ತಾನಾಗಿ ಲಕ್ಷಕ್ಕೊಂದರಂತೆ ತಪ್ಪು ಅಕ್ಷರ ಸೇರಿಸಬಹುದು. ಸೇರಿಸಿದ್ದನ್ನು ತಾನೇ ಹಿಂದಿರುಗಿ ನೋಡಿ ಕಿತ್ತುಹಾಕುವುದರಿಂದ ಅದು ಕೋಟಿಗೊಂದರ ಹತ್ತಿರ ಬರುತ್ತದೆ. ಆಮೇಲೆ ಬೇರೆ ಕಿಣ್ವಗಳು ಜೋಡಿ ಕೂಡದ ಅಕ್ಷರಗಳನ್ನು ಹುಡುಕಿ ತಿದ್ದಿದ ಬಳಿಕ ನೂರು ಕೋಟಿಗೆ ಒಂದರಷ್ಟು ಅಥವಾ ಅದಕ್ಕೂ ಕಡಿಮೆ ದೋಷ ಉಳಿಯುತ್ತದೆ. ಈ ಕೊನೆಯ ತಿದ್ದುಪಡಿಯ ವಿಧಾನವನ್ನು ಬಿಡಿಸಿ ತೋರಿಸಿದ ಪಾಲ್ ಮೊಡ್ರಿಚ್ ಅವರಿಗೆ 2015ರ ರಸಾಯನವಿಜ್ಞಾನದ ನೊಬೆಲ್‌ನಲ್ಲಿ ಪಾಲು ದೊರೆಯಿತು.

ನಕಲಾಗುವುದು ಅಕ್ಷರಗಳ ಸಾಲು ಮಾತ್ರವಲ್ಲ, ಯಾವ ಭಾಗ ತೆರೆದಿರಬೇಕು, ಯಾವುದು ಮಡಿಸಿ ಮುಚ್ಚಿರಬೇಕು ಎಂಬ ವ್ಯವಸ್ಥೆಯೂ ಹೌದು. ಕವಲು ಹಾಯ್ದು ಹೋಗುವಾಗ ಕಳಚಿಕೊಂಡ ಹಳೆಯ ಹಿಸ್ಟೋನುಗಳು ಎರಡೂ ಪ್ರತಿಗಳಿಗೆ ಹಂಚಿಹೋಗಿ, ತಮ್ಮ ಮೇಲಿದ್ದ ರಾಸಾಯನಿಕ ಗುರುತುಗಳನ್ನು ಪಕ್ಕದ ಹೊಸ ಹಿಸ್ಟೋನುಗಳಿಗೂ ಹಬ್ಬಿಸುತ್ತವೆ. ತೆರೆದ, ಬಳಕೆಯಲ್ಲಿರುವ ಭಾಗಗಳು ಮೊದಲು ನಕಲಾಗುತ್ತವೆ. ಮುಚ್ಚಿದ ಭಾಗಗಳ ಸರದಿ ಕೊನೆಗೆ. ಹೆಣ್ಣಿನ ಎರಡು ಎಕ್ಸ್ ವರ್ಣತಂತುಗಳಲ್ಲಿ ಒಂದು ಬಹುಮಟ್ಟಿಗೆ ಮುಚ್ಚಿಕೊಂಡು ಸುಮ್ಮನಿರುವುದರಿಂದ ಅದರ ನಕಲೂ ತಡವಾಗಿಯೇ ನಡೆಯುತ್ತದೆ. ಇಡೀ ವರ್ಣತಂತು ಹೀಗೆ ಮೌನವಾಗುವ ವಿಷಯದಲ್ಲಿ ಕರ್ನಾಟಕದ ಹೆಸರೊಂದನ್ನು ನೆನೆಯಲೇಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ದೀರ್ಘಕಾಲ ಕೆಲಸ ಮಾಡಿದ ಎಚ್. ಶರತ್ ಚಂದ್ರ ಅವರು, ಕೃಷಿಕರಿಗೆ ಬೆಳೆಯ ಕೀಟವಾಗಿ ಮಾತ್ರ ಪರಿಚಿತವಾದ ಹಿಟ್ಟುತಿಗಣೆಯ ವರ್ಣತಂತುಗಳನ್ನು ಅಭ್ಯಾಸ ಮಾಡಿದವರು. ಈ ಕೀಟದ ಗಂಡಿನಲ್ಲಿ ತಂದೆಯಿಂದ ಬಂದ ವರ್ಣತಂತುಗಳ ಇಡೀ ಸಮೂಹ ಮುದುಡಿಕೊಂಡು ಮೌನವಾಗುತ್ತದೆ. ತಾಯಿಯದು ಮಾತ್ರ ಕೆಲಸ ಮಾಡುತ್ತದೆ. ವರ್ಣತಂತು ತಾನು ಯಾರಿಂದ ಬಂದೆ ಎಂಬ ಗುರುತನ್ನು ಹೊತ್ತಿರುತ್ತದೆ ಎಂಬ ಈ ವಿಚಾರವನ್ನು ಸಸ್ತನಿಗಳ ಎಕ್ಸ್ ವರ್ಣತಂತುವಿಗೂ ಅನ್ವಯಿಸಿ ಸ್ಪೆನ್ಸರ್ ಬ್ರೌನ್ ಅವರೊಡನೆ ಅವರು 1975ರಲ್ಲಿ ಬರೆದ ಲೇಖನ ಮುಂದಿನ ಸಂಶೋಧನೆಗೆ ದಾರಿಯಾಯಿತು.

ನಕಲು ಮುಗಿದ ಕೋಶದಲ್ಲಿ ಈಗ ಪ್ರತಿಯೊಂದು ವರ್ಣತಂತುವೂ ಎರಡು ಪ್ರತಿಗಳಾಗಿದೆ. ಇವನ್ನು ಸೋದರಿ ತಂತುಗಳೆಂದು ಕರೆಯಬಹುದು. 92 ತಂತುಗಳಿರುವ ಈ ಗುಂಪಿನಲ್ಲಿ ಯಾವುದು ಯಾವುದರ ಸೋದರಿ ಎಂದು ಆಮೇಲೆ ಹುಡುಕಲು ಹೊರಟರೆ ಕೋಶಕ್ಕೆ ಅದು ಸಾಧ್ಯವಾಗುತ್ತಿರಲಿಲ್ಲ. ಆ ಹುಡುಕಾಟವೇ ಬೇಡವಾಗುವಂತೆ, ನಕಲಿನ ಕವಲು ಹಾಯುತ್ತಿರುವಾಗಲೇ ಕೊಹೆಸಿನ್ ಉಂಗುರಗಳು ಎರಡೂ ಹೊಸ ಪ್ರತಿಗಳನ್ನು ಒಳಗೊಂಡು ಬಿಗಿಯುತ್ತವೆ. ಕುಣಿಕೆ ಎಳೆಯುವ ಅದೇ ಪ್ರೋಟೀನು ಇಲ್ಲಿ ಕಟ್ಟುವ ಕೆಲಸವನ್ನೂ ಮಾಡುತ್ತದೆ ಎಂಬುದು ಗಮನಾರ್ಹ. ಕೋಶವಿಭಜನೆ ಹತ್ತಿರವಾದಂತೆ ಕಂಡೆನ್ಸಿನ್ ತಂತುಗಳನ್ನು ಗಿಡ್ಡವಾಗಿ ದಪ್ಪವಾಗಿ ಮಡಿಸುತ್ತದೆ. ಸೋದರಿಗಳು ಕೂಡಿರುವ ಸೆಂಟ್ರೊಮಿಯರ್ ಎಂಬ ನಡುಭಾಗಕ್ಕೆ ಕೋಶದ ಎರಡು ಧ್ರುವಗಳಿಂದ ಸೂಕ್ಷ್ಮನಾಳಗಳು ಬಂದು ಅಂಟುತ್ತವೆ. ಒಂದು ಸೋದರಿಗೆ ಒಂದು ಧ್ರುವದಿಂದಲೂ ಇನ್ನೊಂದಕ್ಕೆ ಎದುರು ಧ್ರುವದಿಂದಲೂ ಎಳೆತ ಸಿಕ್ಕಿದಾಗ, ನಡುವಿನ ಕಟ್ಟು ಇನ್ನೂ ಬಿಚ್ಚದಿರುವುದರಿಂದ ಅಲ್ಲಿ ಬಿಗಿ ಉಂಟಾಗುತ್ತದೆ. ಸರಿಯಾಗಿ ಅಂಟಿದೆ ಎಂದು ಕೋಶ ತಿಳಿಯುವುದು ಆ ಬಿಗಿಯಿಂದಲೇ. ಒಂದೇ ಒಂದು ತಂತು ಅಂಟದೆ ಉಳಿದಿದ್ದರೂ ಅಲ್ಲಿಂದ ತಡೆಯ ಸಂಕೇತ ಹೊರಟು ಇಡೀ ವಿಭಜನೆ ಕಾಯುತ್ತದೆ. ಕೊನೆಯದೂ ಅಂಟಿದ ಮೇಲೆ ಸೆಪರೇಸ್ ಎಂಬ ಕಿಣ್ವ ಬಿಡುಗಡೆಯಾಗಿ ಸೋದರಿಗಳನ್ನು ಇನ್ನೂ ಹಿಡಿದಿರುವ ಕೊಹೆಸಿನ್ ಉಂಗುರಗಳನ್ನು ಒಟ್ಟಿಗೆ ಕತ್ತರಿಸುತ್ತದೆ. ಸೋದರಿಗಳು ಎದುರುಬದುರು ಧ್ರುವಗಳಿಗೆ ಸರಿಯುತ್ತವೆ.

ಈ ಕಟ್ಟು ಸಾಮಾನ್ಯ ಕೋಶದಲ್ಲಿ ಕೆಲವು ಗಂಟೆಗಳ ಕಾಲ ಹಿಡಿದರೆ ಸಾಕು. ಹೆಣ್ಣಿನ ಅಂಡಕೋಶದಲ್ಲಿ ಮಾತ್ರ ಸ್ಥಿತಿ ಬೇರೆ. ಹೆಣ್ಣುಮಗು ತಾಯಿಯ ಗರ್ಭದಲ್ಲಿರುವಾಗಲೇ ಅದರ ಅಂಡಕೋಶಗಳಲ್ಲಿ ಡಿಎನ್‌ಎ ನಕಲು ಮುಗಿದು, ವರ್ಣತಂತುಗಳ ಸಂಖ್ಯೆಯನ್ನು ಅರ್ಧಕ್ಕಿಳಿಸುವ ಮಿಯಾಸಿಸ್ ಎಂಬ ವಿಶೇಷ ವಿಭಜನೆ ಅರ್ಧದಲ್ಲಿ ನಿಂತುಬಿಡುತ್ತದೆ. ಮುಂದಿನ ಹೆಜ್ಜೆ ಇಡುವುದು ಆ ಅಂಡ ಬಲಿತು ಹೊರಬರುವ ತಿಂಗಳಿನಲ್ಲಿ, ಎಂದರೆ ಹದಿನೈದೋ ನಲವತ್ತೋ ವರ್ಷಗಳ ಬಳಿಕ. ಅಷ್ಟೂ ವರ್ಷ ತಂತುಗಳನ್ನು ಹಿಡಿದಿಡಬೇಕಾದದ್ದು ಹುಟ್ಟುವ ಮೊದಲೇ ಹಾಕಿದ ಕೊಹೆಸಿನ್ ಕಟ್ಟು. ಇಲಿಗಳಲ್ಲಿ ನಡೆದ ಪ್ರಯೋಗಗಳ ಪ್ರಕಾರ ಅದು ನಡುವೆ ಹೊಸದಾಗುವುದಿಲ್ಲ. ವಯಸ್ಸಾದಂತೆ ಕಟ್ಟು ಸವೆದು, ವಿಭಜನೆಯ ಹೊತ್ತಿನಲ್ಲಿ ತಂತುಗಳು ತಪ್ಪು ದಿಕ್ಕಿಗೆ ಹೋಗುವ ಸಂಭವ ಏರುತ್ತದೆ. 21ನೆಯ ವರ್ಣತಂತು ಎರಡರ ಬದಲು ಮೂರು ಇರುವ ಡೌನ್ ಸಿಂಡ್ರೋಮಿನ ಮಗು ಹುಟ್ಟುವ ಸಂಭವ ತಾಯಿಗೆ ಇಪ್ಪತ್ತರ ಹರೆಯದಲ್ಲಿ ಸುಮಾರು 1,200ಕ್ಕೊಂದರ ಆಸುಪಾಸಿನಲ್ಲಿದ್ದದ್ದು, 35ರಲ್ಲಿ ಸುಮಾರು 350ಕ್ಕೊಂದು, 40ರಲ್ಲಿ ಸುಮಾರು 100ಕ್ಕೊಂದು ಆಗುವುದಕ್ಕೆ ಮುಖ್ಯ ಕಾರಣ ಇದೇ ಎಂದು ತಿಳಿಯಲಾಗಿದೆ. ಬಸುರಿಯಾಗಿದ್ದಾಗ ತಿಂದದ್ದು, ನೋಡಿದ್ದು, ಗ್ರಹಣದಲ್ಲಿ ಹೊರಬಂದದ್ದು ಎಂದು ತಾಯಂದಿರನ್ನು ದೂರುವ ಮಾತು ಕರಾವಳಿಯ ಮನೆಗಳಲ್ಲಿ ಇಂದಿಗೂ ಕೇಳಿಬರುತ್ತದೆ. ಆ ತಾಯಿ ತಾನೇ ಹುಟ್ಟುವ ಮೊದಲು ಹಾಕಿದ ಕಟ್ಟು ವಯಸ್ಸಿನೊಡನೆ ಸವೆದದ್ದಕ್ಕೆ ಅವಳು ಹೊಣೆಯಲ್ಲ ಎಂಬುದನ್ನು ಎಷ್ಟು ಸಲ ಹೇಳಿದರೂ ಹೆಚ್ಚಾಗದು.

ಮಂಗಳೂರಿನ ಆಸ್ಪತ್ರೆಗಳಲ್ಲಿ ವೈದ್ಯರು ಕ್ರೋಮೋಸೋಮ್ ಟೆಸ್ಟ್ ಎಂದು ಬರೆದುಕೊಟ್ಟಾಗ ನಡೆಯುವ ಪರೀಕ್ಷೆ, ಕೋಶ ಸೋದರಿ ತಂತುಗಳನ್ನು ಕಟ್ಟಿ ನಿಲ್ಲಿಸಿದ ಆ ಗಳಿಗೆಯನ್ನೇ ಹಿಡಿದಿಡುತ್ತದೆ. ರಕ್ತದ ಬಿಳಿಕೋಶಗಳು ತಾವಾಗಿ ವಿಭಜನೆಯಾಗುವುದು ಅಪರೂಪವಾದ್ದರಿಂದ, ಅವನ್ನು ಪೋಷಕ ದ್ರವದಲ್ಲಿಟ್ಟು, ರಾಜ್ಮಾ ಕಾಳಿನ ಜಾತಿಯಿಂದ ಪಡೆದ ಒಂದು ಪ್ರೋಟೀನು ಸೇರಿಸಿ ವಿಭಜನೆಗೆ ಪ್ರಚೋದಿಸುತ್ತಾರೆ. ಆ ಪ್ರೋಟೀನಿನ ಈ ಗುಣವನ್ನು ಪೀಟರ್ ನೊವೆಲ್ 1960ರಲ್ಲಿ ಗುರುತಿಸಿದರು. ಸಾಮಾನ್ಯವಾಗಿ 72 ಗಂಟೆಗಳ ಬಳಿಕ ಕಾಲ್ಚಿಸಿನ್ ಅಥವಾ ಅದರ ಜಾತಿಯ ರಾಸಾಯನಿಕವನ್ನು ಹಾಕಿದರೆ ಸೂಕ್ಷ್ಮನಾಳಗಳು ಕಟ್ಟಿಕೊಳ್ಳಲಾರದೆ, ತಂತುಗಳು ದಪ್ಪವಾಗಿ ಮಡಿಸಿಕೊಂಡ ಹಂತದಲ್ಲಿಯೇ ಕೋಶ ನಿಂತುಬಿಡುತ್ತದೆ. ಮಳೆಗಾಲದಲ್ಲಿ ಕರಾವಳಿ, ಮಲೆನಾಡುಗಳ ಬೇಲಿಗಳ ಮೇಲೆ ಕೆಂಪು ಹಳದಿ ಎಸಳುಗಳನ್ನು ಮೇಲಕ್ಕೆತ್ತಿ ಅರಳುವ ಅಗ್ನಿಶಿಖೆಯಲ್ಲಿ, ಗೌರಿಹೂವೆಂದು ಜನ ಕರೆಯುವ ಬಳ್ಳಿಯಲ್ಲಿ, ಇರುವ ವಿಷ ಈ ಕಾಲ್ಚಿಸಿನ್ನೇ. ಆಮೇಲೆ ತೆಳುವಾದ ಉಪ್ಪುದ್ರಾವಣದಲ್ಲಿ ಕೋಶಗಳನ್ನು ಉಬ್ಬಿಸಿ, ಗಾಜಿನ ಪಟ್ಟಿಯ ಮೇಲೆ ಹನಿಸಿ, ಬಣ್ಣ ಹಾಕಿ, ಪಟ್ಟೆಗಳ ಗುರುತಿನಿಂದ ಒಂದೊಂದೇ ತಂತುವನ್ನು ಎಣಿಸಿ ಜೋಡಿಸುತ್ತಾರೆ. ವರದಿಗೆ ದಿನಗಟ್ಟಲೆ ಕಾಯಬೇಕಾಗುವುದು ಇಷ್ಟೆಲ್ಲ ಕೆಲಸ ಇರುವುದರಿಂದ. ಈ ಉಬ್ಬಿಸುವ ಉಪಾಯ 1952ರಲ್ಲಿ ಕೈಗೆ ಬರುವ ತನಕ ಮನುಷ್ಯನ ವರ್ಣತಂತುಗಳು ಒಂದರ ಮೇಲೊಂದು ಬಿದ್ದು ಎಣಿಕೆ ಕಷ್ಟವಾಗಿತ್ತು; 48 ಇವೆ ಎಂದೇ ಮೂರು ದಶಕಗಳ ಕಾಲ ನಂಬಲಾಗಿತ್ತು. ಜೋ ಹಿನ್ ಟಿಯೋ ಮತ್ತು ಆಲ್ಬರ್ಟ್ ಲೆವಾನ್ 46 ಎಂದು ಪ್ರಕಟಿಸಿದ್ದು 1956ರಲ್ಲಿ. ಮೂರೇ ವರ್ಷಗಳಲ್ಲಿ, 1959ರಲ್ಲಿ, ಪ್ಯಾರಿಸಿನ ಮಾರ್ಥ್ ಗೋತಿಯೆ, ಜೆರೋಮ್ ಲೆಜೂನ್ ಮತ್ತು ರೇಮೊ ತ್ಯೂರ್ಪ್ಯಾ ಡೌನ್ ಸಿಂಡ್ರೋಮಿನಲ್ಲಿ 47 ಇರುವುದನ್ನು ತೋರಿಸಿದರು.

ಮತ್ತೆ ಮತ್ತೆ ಗರ್ಭ ಇಳಿದುಹೋಗುವ ದಂಪತಿಗೆ ಇದೇ ಪರೀಕ್ಷೆ ಮಾಡಿದಾಗ ಕೆಲವೊಮ್ಮೆ ಗಂಡನಲ್ಲೋ ಹೆಂಡತಿಯಲ್ಲೋ 45 ವರ್ಣತಂತುಗಳು ಕಂಡುಬರುತ್ತವೆ, ಆದರೂ ಅವರಿಗೆ ಯಾವ ರೋಗವೂ ಇರುವುದಿಲ್ಲ. ಎರಡು ತಂತುಗಳು ಕೂಡಿಕೊಂಡು ಒಂದಾಗಿರುವುದರಿಂದ ಎಣಿಕೆ ಇಳಿದಿದೆ, ಒಳಗಿನ ಸರಕು ಬಹುಮಟ್ಟಿಗೆ ಹಾಗೆಯೇ ಇದೆ. ತೊಂದರೆ ಕಾಣಿಸುವುದು ಅಂಡವೋ ವೀರ್ಯಾಣುವೋ ಆಗುವಾಗ, ಕೂಡಿದ ತಂತುವನ್ನು ಸಮನಾಗಿ ಹಂಚಲಾಗದೆ ಒಂದರಲ್ಲಿ ಹೆಚ್ಚು, ಇನ್ನೊಂದರಲ್ಲಿ ಕಡಿಮೆಯಾದಾಗ.

ಈ ಕೂಡಿಕೆಯ ಅತ್ಯಂತ ಬೆರಗಿನ ಉದಾಹರಣೆ ಬೊಗಳುವ ಜಿಂಕೆ, ಎಂದರೆ ಕಾಡುಕುರಿ. ಪಶ್ಚಿಮಘಟ್ಟದ ಕಾಡುಗಳಲ್ಲಿಯೂ ನೆಲೆಯಿರುವ ಭಾರತೀಯ ಕಾಡುಕುರಿಯ ಹೆಣ್ಣಿನಲ್ಲಿ 6, ಗಂಡಿನಲ್ಲಿ 7 ವರ್ಣತಂತುಗಳಿವೆ ಎಂದು ಡೋರಿಸ್ ವುರ್ಸ್ಟರ್ ಮತ್ತು ಕರ್ಟ್ ಬೆನಿರ್ಶ್ಕೆ 1970ರಲ್ಲಿ ಪ್ರಕಟಿಸಿದಾಗ ನಂಬುವುದೇ ಕಷ್ಟವಾಗಿತ್ತು. ಸಸ್ತನಿಗಳಲ್ಲಿ ಅಷ್ಟು ಕಡಿಮೆ ಎಣಿಕೆ ಅದುವರೆಗೆ ಕಂಡಿರಲಿಲ್ಲ. ಅದರ ಹತ್ತಿರದ ಬಂಧು ಚೀನೀ ಕಾಡುಕುರಿಯಲ್ಲಿ 46 ಇವೆ. ಎರಡರ ಡಿಎನ್‌ಎ ಮೊತ್ತ ಹೆಚ್ಚುಕಡಿಮೆ ಒಂದೇ. ಪೂರ್ವಜರ ಹಲವಾರು ತಂತುಗಳು ತುದಿಗೆ ತುದಿ ಕೂಡಿಕೊಂಡು, ಮನುಷ್ಯನ ಅತಿ ದೊಡ್ಡ ವರ್ಣತಂತುವಿಗಿಂತಲೂ ಬಹಳ ದೊಡ್ಡ ತಂತುಗಳಾಗಿವೆ. ಅಷ್ಟುದ್ದದ ತಂತುವೂ ನಕಲಾಗುವುದಕ್ಕೆ ತಡವೇನೂ ಆಗುವುದಿಲ್ಲ, ಏಕೆಂದರೆ ಆರಂಭದ ಜಾಗಗಳು ಉದ್ದಕ್ಕೆ ತಕ್ಕಂತೆ ಹೆಚ್ಚಾಗಿವೆ. ತಂತುಗಳು ಕೆಲವೇ ಇದ್ದು ದೊಡ್ಡವಾಗಿರುವುದರಿಂದ, ಸೂಕ್ಷ್ಮನಾಳಗಳು ಅವಕ್ಕೆ ಅಂಟುವ ಬಗೆಯನ್ನು ತಿಳಿಯಲು ಈ ಜಿಂಕೆಯ ಕೋಶಗಳನ್ನು ಇಂದು ಜಗತ್ತಿನ ಹಲವು ಪ್ರಯೋಗಾಲಯಗಳು ಬೆಳೆಸುತ್ತಿವೆ.

ಮಂಗಳೂರಿನ ಮಾರುಕಟ್ಟೆಯ ಬಾಳೆಗೊನೆಯಲ್ಲಿಯೂ ಹಂಚಿಕೆಯ ಇದೇ ಕಥೆಯಿದೆ. ಬಾಳೆಯ ಒಂದು ಸಮೂಹದಲ್ಲಿ 11 ವರ್ಣತಂತುಗಳು. ನೇಂದ್ರ, ಕ್ಯಾವೆಂಡಿಶ್ ತಳಿಗಳಲ್ಲಿ ಇಂಥ ಮೂರು ಸಮೂಹಗಳು ಸೇರಿ 33 ಇವೆ. ಗಿಡ ಬೆಳೆಯುವಾಗಿನ ಸಾಮಾನ್ಯ ವಿಭಜನೆಗೆ ಇದರಿಂದ ಏನೂ ಅಡ್ಡಿಯಿಲ್ಲ, ಪ್ರತಿಯೊಂದು ತಂತುವಿಗೂ ಅದರ ನಕಲೇ ಜೋಡಿ. ಮಿಯಾಸಿಸ್‌ನಲ್ಲಿ ಮಾತ್ರ ತಾಯಿಯ ತಂತುವಿಗೆ ತಂದೆಯ ತಂತು ಜೋಡಿಯಾಗಬೇಕು. ಮೂರರಲ್ಲಿ ಒಂದು ಒಂಟಿಯಾಗಿ ಉಳಿದು ಹಂಚಿಕೆ ಕೆಡುತ್ತದೆ, ಬೀಜ ಕಟ್ಟುವುದಿಲ್ಲ. ಪರಾಗಸ್ಪರ್ಶವಿಲ್ಲದೆಯೂ ಕಾಯಿ ತುಂಬಿಕೊಳ್ಳುವ ಗುಣ ಬಾಳೆಗೆ ಇರುವುದರಿಂದ ಹಣ್ಣು ಸಿಗುತ್ತದೆ, ಸಂತಾನ ಮಾತ್ರ ಕಂದಿನಿಂದಲೇ ನಡೆಯಬೇಕು. 22 ತಂತುಗಳ ಏಲಕ್ಕಿ ಬಾಳೆಯಲ್ಲಿ ಕೂಡ ಎರಡು ಸಮೂಹಗಳು ಎರಡು ಬೇರೆ ಕಾಡುಜಾತಿಗಳಿಂದ ಬಂದವಾದ್ದರಿಂದ ಅದಕ್ಕೂ ಬೀಜವಿಲ್ಲ.

ಇನ್ನು ವಿಕಿರಣದ ಮಾತು. ನೇತ್ರಾವತಿಯ ದಕ್ಷಿಣ ದಡದ ಉಳ್ಳಾಲದ ಕಡಲತೀರದಲ್ಲಿ, ಥೋರಿಯಂ ಇರುವ ಮೊನಜೈಟ್ ಖನಿಜ ಸೇರಿದ ಮರಳು ಅಲ್ಲಲ್ಲಿ ಶೇಖರವಾಗಿದೆ. ಅಲ್ಲಿ ಸಹಜ ವಿಕಿರಣ ಸಾಮಾನ್ಯಕ್ಕಿಂತ ಹೆಚ್ಚು ಎಂಬುದನ್ನು ಮಂಗಳೂರು ವಿಶ್ವವಿದ್ಯಾನಿಲಯದ ಭೌತಶಾಸ್ತ್ರ ವಿಭಾಗದ ಕೆ. ಸಿದ್ದಪ್ಪ ಮತ್ತು ಸಂಗಡಿಗರು ಅಳೆದು 1993ರಲ್ಲಿ ಪ್ರಕಟಿಸಿದರು. ವಿಶ್ವವಿದ್ಯಾನಿಲಯದ ಕೊಣಾಜೆ ಆವರಣದಲ್ಲಿ ಎಲೆಕ್ಟ್ರಾನುಗಳಿಗೆ 8 ಎಂಇವಿ ಶಕ್ತಿ ಕೊಡುವ ಮೈಕ್ರೊಟ್ರಾನ್ ಎಂಬ ಯಂತ್ರವಿದ್ದು, ಅದರ ಕಿರಣಗಳನ್ನು ಪ್ರಾಣಿಗಳ ಜೀವಕೋಶಗಳ ಮೇಲೆ ಹಾಯಿಸಿ ಡಿಎನ್‌ಎಗೆ ಆಗುವ ಹಾನಿಯನ್ನೂ, ಸಸ್ಯಸಾರಗಳು ಅದನ್ನು ತಗ್ಗಿಸಬಲ್ಲವೇ ಎಂಬುದನ್ನೂ ಆಸುಪಾಸಿನ ಸಂಸ್ಥೆಗಳ ಸಂಶೋಧಕರು ಅಭ್ಯಾಸ ಮಾಡುತ್ತ ಬಂದಿದ್ದಾರೆ.

ವಿಕಿರಣದ ಹಾನಿಗಳಲ್ಲಿ ಕಠಿಣವಾದದ್ದು ಡಿಎನ್‌ಎಯ ಎರಡೂ ಎಳೆಗಳು ಒಂದೇ ಕಡೆ ಕಡಿದುಹೋಗುವುದು. ಆ ಪೆಟ್ಟು ನಕಲಿಗೆ ಮೊದಲು ಬಿತ್ತೋ ಆಮೇಲೆ ಬಿತ್ತೋ ಎಂಬುದರ ಮೇಲೆ ಮುಂದಿನದು ನಿಂತಿದೆ. ನಕಲು ಮುಗಿದ ಮೇಲಾದರೆ ಮುರಿದ ತಂತುವಿನ ಪಕ್ಕದಲ್ಲಿಯೇ ಅದರ ಸೋದರಿ ಕೊಹೆಸಿನ್ ಕಟ್ಟಿನಲ್ಲಿ ಕೂಡಿಕೊಂಡಿರುತ್ತದೆ; ಕೋಶ ಅದನ್ನು ನೋಡಿ ಕಳೆದುಹೋದ ಅಕ್ಷರಗಳನ್ನು ಇದ್ದ ಹಾಗೆಯೇ ಮತ್ತೆ ಬರೆದುಕೊಳ್ಳುತ್ತದೆ. ಹಂಚಿಕೆಗಾಗಿ ಹಾಕಿದ ಕಟ್ಟು ಹೀಗೆ ರಿಪೇರಿಗೂ ಒದಗುತ್ತದೆ. ನಕಲಿಗೆ ಮೊದಲೇ ಮುರಿದರೆ ನೋಡಿ ಬರೆಯಲು ಸೋದರಿ ಇರುವುದಿಲ್ಲ. ಕೋಶ ಮುರಿದ ತುದಿಗಳನ್ನು ನೇರವಾಗಿ ಅಂಟಿಸುತ್ತದೆ. ಎರಡು ಬೇರೆ ತಂತುಗಳು ಒಮ್ಮೆಗೇ ಮುರಿದಿದ್ದರೆ ಒಂದರ ತುದಿಗೆ ಇನ್ನೊಂದರ ತುದಿ ಅಂಟಿ, ಎರಡು ಸೆಂಟ್ರೊಮಿಯರ್ ಇರುವ ತಂತು ಹುಟ್ಟಬಹುದು. ವಿಭಜನೆಯ ಹೊತ್ತಿಗೆ ಅಂಥ ತಂತುವನ್ನು ಎರಡು ಧ್ರುವಗಳೂ ತಮ್ಮತ್ತ ಎಳೆದು ಅದು ಮತ್ತೆ ಹರಿಯುವುದೂ ಉಂಟು.

ಅಪಘಾತದಲ್ಲಿ ವಿಕಿರಣಕ್ಕೆ ಒಳಗಾದವರಿಗೆ ಎಷ್ಟು ಪೆಟ್ಟಾಗಿದೆ ಎಂದು ತಿಳಿಯಲು ಜಗತ್ತಿನೆಲ್ಲೆಡೆ ಬಳಸುವ ವಿಧಾನ ಎರಡು ಸೆಂಟ್ರೊಮಿಯರ್ ಇರುವ ಈ ತಂತುಗಳ ಎಣಿಕೆಯೇ. ವಿಭಜನೆಯಿಂದ ವಿಭಜನೆಗೆ ಅವು ಕಳೆದುಹೋಗುವುದರಿಂದ, ಮೊದಲ ವಿಭಜನೆಯಲ್ಲಿಯೇ ಹಿಡಿಯಲೆಂದು ಈ ಪರೀಕ್ಷೆಯಲ್ಲಿ ರಕ್ತಕೋಶಗಳನ್ನು 72 ಗಂಟೆಗಳ ಬದಲು 48 ಗಂಟೆ ಮಾತ್ರ ಬೆಳೆಸುತ್ತಾರೆ. ಉಳ್ಳಾಲಕ್ಕಿಂತ ಬಹಳ ಹೆಚ್ಚು ವಿಸ್ತಾರವಾಗಿ ಮೊನಜೈಟ್ ಮರಳು ಹರಡಿರುವ ಕೇರಳದ ಚವರ ಮತ್ತು ನೀಂಡಕರ ತೀರದಲ್ಲಿ, ತಲೆಮಾರುಗಳಿಂದ ಆ ಮರಳಿನ ಮೇಲೆಯೇ ಮನೆ ಕಟ್ಟಿಕೊಂಡಿರುವ ಕುಟುಂಬಗಳ ಸಾವಿರಾರು ನವಜಾತ ಶಿಶುಗಳ ಹೊಕ್ಕುಳಬಳ್ಳಿಯ ರಕ್ತವನ್ನು ಭಾಭಾ ಪರಮಾಣು ಸಂಶೋಧನ ಕೇಂದ್ರದ ಕೊಲ್ಲಂ ಪ್ರಯೋಗಾಲಯ ಪರೀಕ್ಷಿಸಿದೆ. ವಿಕಿರಣ ಸಾಮಾನ್ಯವಾಗಿರುವ ನೆರೆಯ ಊರುಗಳ ಶಿಶುಗಳಿಗೆ ಹೋಲಿಸಿದಾಗ ವರ್ಣತಂತುಗಳ ಎಣಿಕೆಯಲ್ಲಾಗಲಿ ರಚನೆಯಲ್ಲಾಗಲಿ ಗಣನೀಯ ವ್ಯತ್ಯಾಸ ಕಂಡಿಲ್ಲವೆಂದು 1999ರಲ್ಲಿ ಪ್ರಕಟವಾದ ಅದರ ವರದಿ ಹೇಳುತ್ತದೆ. ಆ ಮರಳಿನ ವಿಕಿರಣ ಒಂದೇ ಏಟಿಗೆ ಬೀಳುವುದಲ್ಲ, ವರ್ಷಗಟ್ಟಲೆ ಸ್ವಲ್ಪ ಸ್ವಲ್ಪವಾಗಿ ತಾಗುವುದು. ಎರಡು ತಂತುಗಳು ಹತ್ತಿರ ಹತ್ತಿರದಲ್ಲಿ ಒಟ್ಟಿಗೇ ಮುರಿಯುವ ಸಂದರ್ಭ ಆಗ ಅಪರೂಪ, ಮತ್ತು ಒಂದು ಮುರಿತದಿಂದ ಮುಂದಿನ ಮುರಿತದ ತನಕ ಕೋಶಕ್ಕೆ ಸರಿಪಡಿಸಿಕೊಳ್ಳಲು ಕಾಲಾವಕಾಶವೂ ಇರುತ್ತದೆ.